ಬರಿ ನೆಲ ಬಿಟ್ಟರೆ ಕಳೆಯದೇ ರಾಜ್ಯ

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಹಿತ್ತಲಿನಲ್ಲಿ ನಾವು ಬಿತ್ತಿದ ಬೆಂಡೆ, ಬೀನ್ಸು ಎರಡೆಲೆ ಬಿಡುವಷ್ಟರಲ್ಲಿ ನಾವು ಬಿತ್ತದ ಹತ್ತಾರು ಗಿಡಗಳು ಅವನ್ನು ಮೀರಿ ಎದ್ದಿರುತ್ತವೆ. ಒಂದು ಭಾನುವಾರ ಬೆನ್ನು ಬಗ್ಗಿಸಿ ಕಿತ್ತರೆ ಮುಂದಿನ ಭಾನುವಾರಕ್ಕೆ ಮತ್ತೆ ಅಷ್ಟೇ ಹಸಿರು. ಆಗ ಕಾಲು ತಾನಾಗಿ ಗೊಬ್ಬರದ ಅಂಗಡಿಯತ್ತ ತಿರುಗುತ್ತದೆ. ಅಲ್ಲಿಂದ ತಂದ ‘ಹುಲ್ಲಿನ ಔಷಧಿ’ ಹೊಡೆದ ವಾರ ಹತ್ತು ದಿನದಲ್ಲಿ ಎಲ್ಲವೂ ಹಳದಿ ತಿರುಗಿ ಒಣಗುತ್ತದೆ, ಗೆದ್ದೆವು ಅನ್ನಿಸುತ್ತದೆ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಅವೇ ಗಿಡಗಳು ತಲೆ ಎತ್ತಿದಾಗ ಮತ್ತೊಂದು ಬಾಟಲಿ. ಈ ಬರಹದ ವಾದ ಸರಳವಾದದ್ದು. ಕಳೆ ಹಬ್ಬಲು ಎರಡು ಅನುಕೂಲ ಬೇಕು: ಬಿಸಿಲು ಬೀಳುವ ಬರಿ ನೆಲ, ಮತ್ತು ಹೂ ಬಿಟ್ಟು ಬೀಜ ಉದುರಿಸುವಷ್ಟು ಬಿಡುವು. ಎರಡನ್ನೂ ಅದಕ್ಕೆ ಒದಗಿಸುತ್ತಿರುವವರು ನಾವೇ. ಇವನ್ನು ತಡೆದರೆ ಕೈತೋಟದಲ್ಲಿ ರಾಸಾಯನಿಕಕ್ಕೆ ಕೆಲಸವೇ ಇರುವುದಿಲ್ಲ; ತಡೆಯದಿದ್ದರೆ ಯಾವ ರಾಸಾಯನಿಕವೂ ಬಾಳುವ ಫಲ ಕೊಡುವುದಿಲ್ಲ.

ಯಾಕೆ ಹಾಗೆ ಎಂಬುದಕ್ಕೆ ಉತ್ತರ ಮಣ್ಣಿನೊಳಗಿದೆ. ಕಣ್ಣಿಗೆ ಕಾಣುವ ಕಳೆ ಒಟ್ಟು ಕಳೆಯ ಸಣ್ಣ ಪಾಲು ಮಾತ್ರ. ವರ್ಷಗಟ್ಟಲೆ ಉದುರಿದ ಬೀಜಗಳು ಮೊಳೆಯದೆ, ಸಾಯದೆ ಮಣ್ಣಿನಲ್ಲಿ ಮಲಗಿರುತ್ತವೆ. ಈ ನಿದ್ದೆ ಎಷ್ಟು ದೀರ್ಘವಾಗಿರಬಲ್ಲದು ಎಂಬುದಕ್ಕೆ ಅಮೆರಿಕದ ಮಿಷಿಗನ್‌ನಲ್ಲಿ ನಡೆಯುತ್ತಿರುವ ಪ್ರಯೋಗವೊಂದು ಸಾಕ್ಷಿ. ಸಸ್ಯವಿಜ್ಞಾನಿ ವಿಲಿಯಂ ಬೀಲ್ 1879ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಗಿಡಗಳ ಬೀಜಗಳನ್ನು ಮರಳಿನಲ್ಲಿ ಬೆರೆಸಿ 20 ಬಾಟಲಿಗಳಿಗೆ ತುಂಬಿ ಹೂತಿಟ್ಟರು. ಇಂತಿಷ್ಟು ವರ್ಷಕ್ಕೊಂದರಂತೆ ತೆಗೆದು ಬಿತ್ತಿ ನೋಡಬೇಕೆಂಬುದು ಯೋಜನೆ. 2021ರಲ್ಲಿ ತೆಗೆದ ಬಾಟಲಿಯ ಕೆಲವು ಬೀಜಗಳು ಸುಮಾರು 140 ವರ್ಷಗಳ ಬಳಿಕವೂ ಮೊಳೆತವು. ಎಲ್ಲ ಕಳೆಗಳೂ ಇಷ್ಟು ಬಾಳುವುದಿಲ್ಲ, ನಿಜ. ಆದರೂ ಹತ್ತು ವರ್ಷ ಹಾಳುಬಿಟ್ಟ ಸೈಟಿನಲ್ಲಿ ತೋಟ ಮಾಡಲು ಹೊರಟವರ ಎದುರು ಎಷ್ಟು ಠೇವಣಿ ಕೂತಿದೆ ಎಂಬುದನ್ನು ಇದರಿಂದ ಊಹಿಸಬಹುದು. ಎಲೆಗೆ ಹೊಡೆಯುವ ಕಳೆನಾಶಕ ಮುಟ್ಟುವುದು ಈ ಠೇವಣಿಯ ಬಡ್ಡಿಯನ್ನು, ಅಸಲು ಹಾಗೇ ಉಳಿಯುತ್ತದೆ. ಬಿತ್ತಿದ ಕೂಡಲೇ ಮಣ್ಣಿಗೆ ಹೊಡೆಯುವ ಪೆಂಡಿಮಿಥಾಲಿನ್‌ನಂಥವು ಕೂಡ ಆಗಷ್ಟೇ ಮೊಳೆಯುತ್ತಿರುವ ಬೀಜವನ್ನು ತಡೆಯುತ್ತವೆಯೇ ಹೊರತು ನಿದ್ದೆಯಲ್ಲಿರುವ ಬೀಜವನ್ನಲ್ಲ. ಅಲ್ಲದೆ ಹತ್ತು ಬಗೆಯ ತರಕಾರಿ, ಸೊಪ್ಪು ಒತ್ತೊತ್ತಾಗಿ ಬೆಳೆಯುವ ಕೈತೋಟದಲ್ಲಿ ಒಂದಕ್ಕೆ ಹೊಂದುವ ರಾಸಾಯನಿಕ ಪಕ್ಕದ ಸಾಲಿಗೆ ಹೊಂದುವುದಿಲ್ಲ.

ಈ ಬೀಜಗಳು ಎಚ್ಚರಗೊಳ್ಳುವುದಕ್ಕೆ ನೀರಿನ ಜೊತೆಗೆ ಬೆಳಕಿನ ಸೂಚನೆಯೂ ಬೇಕು. ಕಳೆಗಳ ಬೀಜ ಬಹುಪಾಲು ತೀರಾ ಸಣ್ಣವು; ಅರ್ಧ ಅಡಿ ಆಳದಿಂದ ಮೇಲೆ ಬರುವಷ್ಟು ಆಹಾರ ಅವುಗಳಲ್ಲಿಲ್ಲ. ಹಾಗಾಗಿ ತಾವು ಮೇಲ್ಪದರದಲ್ಲಿದ್ದೇವೆಯೇ ಎಂಬುದನ್ನು ಬೆಳಕಿನಿಂದ ಅರಿತು ಮೊಳೆಯುವ ಗುಣ ಅವಕ್ಕೆ ಬಂದಿದೆ. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1952ರಲ್ಲಿ ಲೆಟ್ಯೂಸ್ ಬೀಜಗಳ ಮೇಲೆ ಪ್ರಯೋಗ ಮಾಡಿ ಇದರ ಒಳಗುಟ್ಟು ಬಿಡಿಸಿದರು. ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯುತ್ತದೆ. ಕೆಂಪಿನಾಚೆಯ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ದೂರಗೆಂಪು ಬೆಳಕು ಬಿದ್ದರೆ ಸುಮ್ಮನಾಗುತ್ತದೆ. ಹಸಿರೆಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ದೂರಗೆಂಪನ್ನು ಕೆಳಗೆ ಬಿಡುವುದರಿಂದ, ಗಿಡಗಳ ನೆರಳಿನಲ್ಲಿರುವ ಬೀಜಕ್ಕೆ ‘ಇನ್ನೂ ಸಮಯ ಬಂದಿಲ್ಲ’ ಎಂಬ ಸಂದೇಶ ಹೋಗುತ್ತದೆ. ಒಮ್ಮೆ ಗುದ್ದಲಿ ಹಾಕಿ ಆಳವಾಗಿ ಅಗೆದರೆ ಏನಾಗುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ: ಕೆಳಗೆ ಮಲಗಿದ್ದ ಬೀಜಗಳು ಮೇಲೆ ಬಂದು ಬೆಳಕು ಕಾಣುತ್ತವೆ. ಕಳೆ ಹೋಗಲಿ ಎಂದು ಮತ್ತೆ ಮತ್ತೆ ಅಗೆಯುವ ತೋಟದಲ್ಲೇ ಕಳೆ ಹೆಚ್ಚು ಕಾಣುವುದು ಇದೇ ಕಾರಣಕ್ಕೆ.

ರಾಸಾಯನಿಕಗಳ ಅಪಾಯದ ಬಗ್ಗೆ ಹೇಳಬೇಕಾದದ್ದನ್ನು ಅಳತೆ ಮೀರದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಸಂಭವ ಕಡಿಮೆ ಎಂದಿತು. ಜಗಳ ಇನ್ನೂ ಮುಗಿದಿಲ್ಲ. ನಮ್ಮ ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿ, ಕೀಟ ನಿಯಂತ್ರಣದ ಪರವಾನಗಿ ಉಳ್ಳವರು ಮಾತ್ರ ಅದನ್ನು ಸಿಂಪಡಿಸಬೇಕು ಎಂದಿತು. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕದ ವಿಷಯದಲ್ಲಿ ಇಷ್ಟು ಗೊಂದಲವಿಲ್ಲ: ಒಂದೆರಡು ಗುಟುಕು ಒಳಗೆ ಹೋದರೂ ಪ್ರಾಣಕ್ಕೆ ಎರವು, ಪ್ರತಿವಿಷವೂ ಇಲ್ಲ. ಮಕ್ಕಳು ಆಡುವ, ನಾಯಿ ಬೆಕ್ಕು ಓಡಾಡುವ, ಅಡುಗೆಗೆ ಕರಿಬೇವು ಕೀಳುವ ಜಾಗಕ್ಕೆ ಇಂಥದ್ದನ್ನು ತರಬೇಕೆ ಎಂಬುದಕ್ಕೆ ಹೆಚ್ಚು ಚರ್ಚೆ ಬೇಕಿಲ್ಲ. ಆದರೂ ಇಲ್ಲಿನ ವಾದ ಭಯದ ಮೇಲೆ ನಿಂತದ್ದಲ್ಲ. ಅಪಾಯ ಸೊನ್ನೆ ಎಂದೇ ಇಟ್ಟುಕೊಂಡರೂ ಬಾಟಲಿ ಬಾಳಿಕೆಯ ಪರಿಹಾರವಲ್ಲ. ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ ಫಲಾರಿಸ್ ಎಂಬ ಹುಲ್ಲಿಗೆ ವರ್ಷ ವರ್ಷವೂ ಐಸೊಪ್ರೊಟ್ಯುರಾನ್ ಒಂದನ್ನೇ ಹೊಡೆದ ಪರಿಣಾಮ, 1990ರ ದಶಕದ ಮೊದಲ ವರ್ಷಗಳಲ್ಲೇ ಆ ಹುಲ್ಲು ಅದಕ್ಕೆ ಬಗ್ಗದಂತಾಯಿತು. ರೈತರು ಇನ್ನೊಂದು ರಾಸಾಯನಿಕಕ್ಕೆ ಹೋದರು. ಕಾಲಕ್ರಮದಲ್ಲಿ ಹುಲ್ಲು ಅದನ್ನೂ ತಾಳಿಕೊಳ್ಳಲು ಕಲಿಯಿತು.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು ನೆಲ ಮುಚ್ಚುವುದು. ಮಲೆನಾಡಿನ ಅಡಿಕೆ ತೋಟದವರು ಬೆಟ್ಟದ ಸೊಪ್ಪು, ದರಕು ತಂದು ಮರದ ಬುಡಕ್ಕೆ ಹೊದಿಸುವುದು ತಲೆಮಾರುಗಳಿಂದ ನಡೆದುಬಂದ ಕ್ರಮ. ಅದು ಗೊಬ್ಬರವೂ ಹೌದು, ತೇವ ಕಾಯುವ ಉಪಾಯವೂ ಹೌದು, ಕಳೆಗೆ ಬೆಳಕು ಸಿಗದಂತೆ ಮಾಡುವ ಮುಚ್ಚಿಗೆಯೂ ಹೌದು. ಮನೆಯ ತೋಟಕ್ಕೆ ಬೆಟ್ಟವೇನೂ ಬೇಡ. ತೆಂಗಿನ ಗರಿ, ಅಡಿಕೆ ಸೋಗೆ, ಕಬ್ಬಿನ ರವದಿ, ಭತ್ತದ ಹುಲ್ಲು, ರಸ್ತೆ ಬದಿಯ ಮರಗಳು ಉದುರಿಸುವ ಒಣ ಎಲೆ, ಯಾವುದು ಸಿಕ್ಕರೂ ಆದೀತು. ದಪ್ಪ ಮಾತ್ರ ಮೂರು ನಾಲ್ಕು ಇಂಚಿಗೆ ಕಡಿಮೆ ಇರಬಾರದು. ತೆಳುವಾಗಿ ಹರಡಿದ ಮುಚ್ಚಿಗೆ ತೇವವನ್ನಷ್ಟೇ ಹಿಡಿದು ಕಳೆಗೇ ಉಪಕಾರ ಮಾಡುತ್ತದೆ. ಈಗಾಗಲೇ ಹುಲ್ಲು ದಟ್ಟವಾಗಿದ್ದರೆ ಅದನ್ನು ನೆಲಮಟ್ಟಕ್ಕೆ ಸವರಿ, ನೀರು ಹಾಕಿ, ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಅಂಚಿನ ಮೇಲೆ ಅಂಚು ಬರುವಂತೆ ಹಾಸಿ, ಅದರ ಮೇಲೆ ಎಲೆ ಸುರಿಯಬೇಕು. ರಟ್ಟು ಕೆಲವು ತಿಂಗಳಲ್ಲಿ ಕರಗಿ ಮಣ್ಣಾಗುವಷ್ಟರಲ್ಲಿ ಅಡಿಯ ಹುಲ್ಲು ಬಹುಪಾಲು ಬೆಳಕಿಲ್ಲದೆ ಕೊಳೆತಿರುತ್ತದೆ. ಖಾಲಿ ಬಿದ್ದ ಪಾತಿಗೆ ಜೀವಂತ ಹೊದಿಕೆಯೂ ಇದೆ: ಹುರುಳಿ, ಅಲಸಂದೆ, ಸೆಣಬು ಒತ್ತಾಗಿ ಚೆಲ್ಲಿದರೆ ಎಲೆ ನೆರಳು ನೆಲ ತುಂಬುತ್ತದೆ, ಹೂ ಬರುವ ಹೊತ್ತಿಗೆ ಕೊಯ್ದು ಅಲ್ಲೇ ಹಾಸಿದರೆ ಮಣ್ಣಿಗೆ ಸಾರಜನಕವೂ ಸಿಗುತ್ತದೆ.

ಎರಡನೆಯದು ಹೊತ್ತು. ತರಕಾರಿ ಬೆಳೆಗೆ ಕಳೆಯ ಪೈಪೋಟಿ ನಿಜಕ್ಕೂ ಪೆಟ್ಟು ಕೊಡುವುದು ಬೆಳೆಯ ಆಯುಸ್ಸಿನ ಮೊದಲ ಮೂರನೆಯ ಒಂದು ಭಾಗದಲ್ಲಿ. ಮೂರು ನಾಲ್ಕು ತಿಂಗಳ ಬೆಳೆಯಾದರೆ ಮೊದಲ 30-40 ದಿನ ಪಾತಿ ಚೊಕ್ಕಟವಾಗಿದ್ದರೆ ಸಾಕು, ಆಮೇಲೆ ಬೆಳೆಯ ನೆರಳೇ ಕಾವಲು ಕಾಯುತ್ತದೆ. ನಮ್ಮ ರಾಗಿ ಹೊಲದವರು ಇದನ್ನು ಬಲ್ಲರು. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುವುದು, ಪೈರು ಚಿಕ್ಕದಿರುವಾಗಲೇ ಹಲುಬೆ, ಎಡೆಕುಂಟೆ ಹೊಡೆಯುವುದು, ಎಲ್ಲವೂ ಕಳೆ ಬೇರೂರುವ ಮೊದಲೇ ಅದರ ಬುಡ ಅಲ್ಲಾಡಿಸುವ ಲೆಕ್ಕಾಚಾರವೇ. ಹಿತ್ತಲಿನಲ್ಲಿ ಕೆಲಸ ಕುರ್ಪಿಯದು. ಅದನ್ನು ನೆಟ್ಟಗೆ ಚುಚ್ಚಿ ಮಣ್ಣು ಮಗುಚಬಾರದು. ಅಲಗನ್ನು ಹೆಚ್ಚುಕಡಿಮೆ ಮಲಗಿಸಿ, ಅರ್ಧ ಇಂಚಿನ ಆಳದಲ್ಲಿ ಸವರಿಕೊಂಡು ಹೋಗಬೇಕು. ಎರಡೆಲೆಯ ಕಳೆ ಹಾಗೆ ಬುಡ ಕಡಿದು ಬಿಸಿಲಿಗೆ ಬಿದ್ದರೆ ಮಧ್ಯಾಹ್ನದೊಳಗೆ ಬಾಡುತ್ತದೆ, ಕೆಳಗಿನ ಬೀಜ ಮೇಲೆ ಬರುವುದೂ ಇಲ್ಲ. ಆಳಕ್ಕೆ ಬೇರಿಳಿದ ದೊಡ್ಡ ಗಿಡವನ್ನಾದರೆ ಮಳೆ ನಿಂತ ಮರುದಿನ ಕೀಳಬೇಕು, ಸಣ್ಣದನ್ನು ಒಣ ಹವೆಯಲ್ಲಿ ಸವರಬೇಕು. ಬಿತ್ತನೆಗೆ ಮುಂಚೆ ಇನ್ನೊಂದು ಉಪಾಯವಿದೆ. ಪಾತಿ ಸಿದ್ಧಮಾಡಿ ನೀರು ಕೊಟ್ಟು ಹತ್ತು ಹದಿನೈದು ದಿನ ಸುಮ್ಮನೆ ಬಿಟ್ಟರೆ ಮೇಲ್ಪದರದ ಕಳೆಬೀಜಗಳೆಲ್ಲ ಮೊಳೆಯುತ್ತವೆ. ಅವನ್ನು ಮೇಲಿಂದ ಮೇಲೆ ಸವರಿ, ಮತ್ತೆ ಅಗೆಯದೆ ಬಿತ್ತಿದರೆ ಕಳೆಗೆ ಮೊದಲ ಸುತ್ತಿನಲ್ಲೇ ಸೋಲು.

ಇಲ್ಲಿ ಅನುಭವಸ್ಥರು ಒಂದು ಪ್ರಶ್ನೆ ಎತ್ತುತ್ತಾರೆ: ‘ಎಲ್ಲ ಸರಿ, ಕೊನ್ನಾರಿ ಗೆಡ್ಡೆಗೆ ಏನು ಮಾಡುತ್ತೀರಿ?’ ಕೆಲವೆಡೆ ಜೇಕು, ಕೆಲವೆಡೆ ತುಂಗೆ ಎನ್ನುವ ಈ ಹುಲ್ಲನ್ನು ಕಳೆವಿಜ್ಞಾನಿಗಳು ಜಗತ್ತಿನ ಅತಿ ಕೆಟ್ಟ ಕಳೆ ಎಂದು ಗುರುತಿಸಿದ್ದಾರೆ. ಹಿಡಿದು ಎಳೆದರೆ ಮೂರು ಮೂಲೆಯ ನುಣುಪು ದಂಟು ‘ಟಕ್’ ಎಂದು ಕೈಗೆ ಬರುತ್ತದೆ, ಗೆಡ್ಡೆ ಒಳಗೇ ಉಳಿಯುತ್ತದೆ. ಮೆಲ್ಲಗೆ ಮಣ್ಣು ಬಿಡಿಸಿ ನೋಡಿದರೆ ತಂತಿಯಂಥ ಕಪ್ಪು ಬೇರಿನಿಂದ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಗೆಡ್ಡೆಗಳ ಸಾಲು ಕಾಣುತ್ತದೆ. ಒಂದನ್ನು ಉಗುರಿನಿಂದ ಕೆರೆದರೆ ಭದ್ರಮುಷ್ಟಿಯ ಘಮ. ಒಂದೊಂದು ಗೆಡ್ಡೆಯಲ್ಲೂ ಹಲವು ಮೊಗ್ಗುಗಳಿರುವುದರಿಂದ ಒಂದು ಚಿಗುರು ಹೋದರೆ ಇನ್ನೊಂದು ಏಳುತ್ತದೆ. ರಟ್ಟು, ಎಲೆಯ ಮುಚ್ಚಿಗೆ ಇದಕ್ಕೆ ಸಾಲದು. ಅದರ ಮೊನಚು ಚಿಗುರು ಪ್ಲಾಸ್ಟಿಕ್ ಹಾಳೆಯನ್ನೇ ತೂರಿ ಬರುತ್ತದೆ. ಆದರೂ ಅದಕ್ಕೆ ಎರಡು ದೌರ್ಬಲ್ಯ ಇವೆ. ಒಂದು, ಗೆಡ್ಡೆಗಳು ಬಹುಪಾಲು ಮೇಲಿನ ಅರ್ಧ ಅಡಿಯಲ್ಲೇ ಇರುತ್ತವೆ ಮತ್ತು ಒಣಗಿದರೆ ಸಾಯುತ್ತವೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಪಾತಿ ಅಗೆದು, ಗೆಡ್ಡೆ ಆರಿಸಿ, ಉಳಿದದ್ದನ್ನು ಮಗುಚಿ ಒಣಗಲು ಬಿಡುವುದು ಇದಕ್ಕೇ. ಆಳವಾಗಿ ಅಗೆಯಬೇಡಿ ಎಂಬ ಮಾತಿಗೆ ಇದೊಂದೇ ವಿನಾಯಿತಿ. ಎರಡು, ಮೊಳೆತು ಸುಮಾರು ಮೂರು ವಾರ ಕಳೆದ ಮೇಲಷ್ಟೇ ಅದು ಹೊಸ ಗೆಡ್ಡೆ ಕಟ್ಟತೊಡಗುತ್ತದೆ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಚಿಗುರು ಕತ್ತರಿಸಿದರೆ ಹಳೆಯ ಗೆಡ್ಡೆ ಕೂಡಿಟ್ಟ ಆಹಾರ ಕರಗುತ್ತದೆ, ಹೊಸದು ಸೇರುವುದಿಲ್ಲ. ಒಂದೇ ಮಳೆಗಾಲದಲ್ಲಿ ಮುಗಿಯುವ ಕೆಲಸ ಇದಲ್ಲ, ಎರಡು ವರ್ಷ ಬೇಕಾದೀತು. ರಾಸಾಯನಿಕಕ್ಕೂ ಇಲ್ಲಿ ಒಂದೇ ಸಲಕ್ಕೆ ಗೆಲುವಿಲ್ಲ. ಮಲಗಿರುವ ಗೆಡ್ಡೆಗೆ ಅದು ತಲುಪುವುದೇ ಇಲ್ಲ.

ಪಾರ್ಥೇನಿಯಂ, ಹಳ್ಳಿಗರ ಬಾಯಲ್ಲಿ ಕಾಂಗ್ರೆಸ್ ಗಿಡ, ಇನ್ನೊಂದು ಬಗೆಯ ಪಾಠ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಗಿಡ ಇಂದು ಇಲ್ಲದ ಖಾಲಿ ಸೈಟಿಲ್ಲ. ಇದಕ್ಕೆ ಗೆಡ್ಡೆಯಿಲ್ಲ, ಬಳ್ಳಿಯಿಲ್ಲ. ಹಬ್ಬುವುದು ಬೀಜದಿಂದ ಮಾತ್ರ. ಚೆನ್ನಾಗಿ ಬೆಳೆದ ಒಂದು ಗಿಡ 15 ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಮೊಳೆತ ಒಂದೆರಡು ತಿಂಗಳಲ್ಲೇ ಹೂವಿಗೆ ಬರುತ್ತದೆ. ಬಿಳಿ ಹೂ ಕಾಣುವ ಮೊದಲು ಕೈಗವಸು ಹಾಕಿ ಕಿತ್ತರೆ ಒಂದೇ ಎಳೆತಕ್ಕೆ ಕೆಲಸ ಮುಗಿಯಿತು. ಎರಡು ವಾರ ತಡಮಾಡಿದರೆ ಹತ್ತು ವರ್ಷದ ತಲೆನೋವು, ಚರ್ಮದ ತುರಿಕೆ ಬೇರೆ. ಇದರ ವಿರುದ್ಧ ಜೀವಿಯನ್ನೇ ಬಳಸಿದ ಪ್ರಯತ್ನಕ್ಕೆ ಬೆಂಗಳೂರೇ ನೆಲೆ: ಮೆಕ್ಸಿಕೋದಿಂದ ತರಿಸಿದ ಜೈಗೋಗ್ರಾಮ ಎಂಬ ದುಂಬಿಯನ್ನು ಪರೀಕ್ಷಿಸಿ 1984ರಲ್ಲಿ ಇಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದರ ಮರಿಹುಳುವೂ ದುಂಬಿಯೂ ಎಲೆ ತಿಂದು ಗಿಡವನ್ನು ಬೋಳುಮಾಡುತ್ತವೆ, ಚಳಿ ಶುರುವಾದರೆ ಮಣ್ಣಿನೊಳಗೆ ಹೋಗಿ ಮಲಗುತ್ತವೆ. ಹಾಗಾಗಿ ದುಂಬಿ ಸಹಾಯಕ್ಕುಂಟು, ಪೂರ್ತಿ ಭರವಸೆಗಿಲ್ಲ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಕರೆಯಂತೆ ದೇಶದಲ್ಲಿ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಪಕ್ಕದ ಖಾಲಿ ಸೈಟಿನ ಬೀಜ ನಮ್ಮ ಕಾಂಪೌಂಡಿಗೆ ಬಂದೇ ಬರುವುದರಿಂದ ಇದು ಬೀದಿಯವರೆಲ್ಲ ಸೇರಿ ಮಾಡಬೇಕಾದ ಕೆಲಸ.

ರಾಸಾಯನಿಕ ಬೇಡ ಎಂದವರಿಗೆ ಅಡುಗೆಮನೆಯ ಮದ್ದುಗಳನ್ನು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಉಪ್ಪುನೀರು ಸುರಿದರೆ ಹುಲ್ಲು ಸಾಯುತ್ತದೆ ಎಂಬುದು ಸತ್ಯ. ಆ ಸೋಡಿಯಂ ಮಣ್ಣಿನಲ್ಲಿ ಉಳಿದು ಮಣ್ಣಿನ ರಚನೆಯನ್ನೇ ಕೆಡಿಸಿ, ಮುಂದೆ ಹಾಕುವ ಬೆಳೆಯನ್ನೂ ಬಾಡಿಸುತ್ತದೆ ಎಂಬುದೂ ಅಷ್ಟೇ ಸತ್ಯ. ಮನೆಯ ವಿನೆಗರ್ ಎಳೆಯ ಕಳೆಯ ಎಲೆ ಸುಡುತ್ತದೆ, ಬೇರನ್ನು ಮುಟ್ಟುವುದಿಲ್ಲ. ಗರಿಕೆ ವಾರದಲ್ಲಿ ಮತ್ತೆ ಚಿಗುರುತ್ತದೆ. ಕಲ್ಲುಹಾಸಿನ ಸಂದಿಯ ಹುಲ್ಲಿಗೆ ಕುದಿಯುವ ನೀರು ಒಳ್ಳೆಯದು, ಪಾತಿಗೆ ಬೇಡ. ಇವೆಲ್ಲಕ್ಕಿಂತ ನಂಬಬಹುದಾದದ್ದು ಬಿಸಿಲು. ಇಸ್ರೇಲಿನ ಸಂಶೋಧಕರು 1970ರ ದಶಕದಲ್ಲಿ ರೂಪಿಸಿದ ಕ್ರಮವಿದು: ಕಡುಬೇಸಿಗೆಯಲ್ಲಿ ಪಾತಿ ಹಸನುಮಾಡಿ, ನೀರುಣಿಸಿ, ತೆಳುವಾದ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ಅಂಟಿದಂತೆ ಹೊದಿಸಿ, ಅಂಚಿಗೆ ಮಣ್ಣು ಕೊಟ್ಟು ನಾಲ್ಕರಿಂದ ಆರು ವಾರ ಬಿಡುವುದು. ಮೇಲ್ಪದರದ ಕಾವು ಏರಿ ಅನೇಕ ಕಳೆಬೀಜಗಳು ಸಾಯುತ್ತವೆ. ಹಾಳೆ ಕಪ್ಪಗಿದ್ದರೆ ಅಷ್ಟು ಕಾವು ಏರುವುದಿಲ್ಲ. ಕೊನ್ನಾರಿ ಗೆಡ್ಡೆಗೆ ಮಾತ್ರ ಇದೂ ಅಷ್ಟಾಗಿ ತಾಗದು.

ಇಷ್ಟೆಲ್ಲ ಮಾಡಿಯೂ ಕಳೆಯನ್ನು ನಾವೇ ಹೊತ್ತು ತಂದರೆ ಪ್ರಯೋಜನವಿಲ್ಲ. ಅರೆಬರೆ ಕಳಿತ ತಿಪ್ಪೆಗೊಬ್ಬರದಲ್ಲಿ ದನದ ಹೊಟ್ಟೆ ದಾಟಿ ಬಂದ ಬೀಜಗಳು ಜೀವಂತ ಇರುತ್ತವೆ. ರಾಶಿಯ ಒಳಗು 55-60 ಡಿಗ್ರಿ ಕಾವೇರಿ, ಒಂದೆರಡು ಸಲ ಮಗುಚಿಸಿಕೊಂಡು ಪೂರ್ತಿ ಕಳಿತ ಗೊಬ್ಬರ ಮಾತ್ರ ಸುರಕ್ಷಿತ. ನರ್ಸರಿ ಚೀಲದ ಮಣ್ಣಿನಲ್ಲಿ, ಲಾರಿಯಲ್ಲಿ ತರಿಸಿದ ಕೆಮ್ಮಣ್ಣಿನಲ್ಲಿ ಕೊನ್ನಾರಿಯ ನಾಲ್ಕು ಗೆಡ್ಡೆ ಬಂದರೆ ಸಾಕು. ಅಂದಕ್ಕೆಂದು ತಂದ ಗಿಡವೂ ಕಳೆಯಾಗಬಹುದು: 1809ರಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ಬಂದ ಲಂಟಾನ ಈಗ ಬಂಡೀಪುರದ ಕಾಡಿನ ನೆಲ ಆವರಿಸಿದೆ.

ಆಕ್ಷೇಪಗಳಲ್ಲಿ ತೂಕವಿರುವುದು ಶ್ರಮದ್ದು. ನಮ್ಮ ಹೊಲಗಳಲ್ಲಿ ಕಳೆ ಕೀಳುವ ಕೆಲಸವನ್ನು ದಿನವಿಡೀ ಬಗ್ಗಿ ಮಾಡಿದವರು ಹೆಚ್ಚಾಗಿ ಹೆಂಗಸರು. ಅದನ್ನು ಸೊಗಸಾಗಿ ವರ್ಣಿಸುವುದು ತಪ್ಪು. ಆಳು ಸಿಗದೆ, ಕೂಲಿ ಕೈಗೆಟುಕದೆ ಹತ್ತು ಎಕರೆಯ ರೈತ ಕಳೆನಾಶಕಕ್ಕೆ ಹೋದರೆ ಅವನನ್ನು ದೂರುವ ಅಧಿಕಾರ ಹಿತ್ತಲಿನ ತೋಟಗಾರನಿಗಿಲ್ಲ. ಆದರೆ ಆ ರೈತನ ಕಷ್ಟ ನಮ್ಮ ಎರಡು ಗುಂಟೆಗೆ ನೆಪವಾಗುವುದಿಲ್ಲ. ಮುಚ್ಚಿಗೆ ಹಾಕಿದ ಪಾತಿಗೆ ವಾರಕ್ಕೆ ಅರ್ಧ ಗಂಟೆ ಕೊಟ್ಟರೆ ಸಾಕು. ಬೆನ್ನು ನೋವಿದ್ದವರಿಗೆ ನಿಂತೇ ತಳ್ಳುವ ಉದ್ದ ಹಿಡಿಯ ಕೈಕುಂಟೆ, ಸೈಕಲ್ ಕುಂಟೆ ಇವೆ. ಮುಚ್ಚಿಗೆಯಿಂದ ಗೆದ್ದಲು, ಬಸವನಹುಳು ಬರುತ್ತವೆ ಎಂಬುದು ಇನ್ನೊಂದು ದೂರು. ಜಡಿಮಳೆಯ ಕಡೆ ಇದು ಸುಳ್ಳಲ್ಲ. ಕಾಂಡದಿಂದ ಒಂದು ಗೇಣು ಬಿಟ್ಟು ಹೊದಿಸುವುದು, ಮಳೆಯ ಬಿರುಸಿನ ತಿಂಗಳುಗಳಲ್ಲಿ ಎಳೆ ಸಸಿಗಳ ಸುತ್ತ ತೆಳುಮಾಡಿ ಮಳೆ ಇಳಿದ ಮೇಲೆ ಮತ್ತೆ ದಪ್ಪ ಮಾಡುವುದು ಇದಕ್ಕೆ ದಾರಿ. ಬಸವನಹುಳುವನ್ನು ಸಂಜೆ ಹೊತ್ತು ಕೈಯಿಂದ ಆರಿಸಿ ತೆಗೆಯಬೇಕಾಗುತ್ತದೆ, ಸುಲಭದ ದಾರಿ ಇಲ್ಲ.

ಕಳೆಯನ್ನು ಕೀಳಲೇಬಾರದು ಎನ್ನುವ ಸಹಜ ಕೃಷಿಯವರ ವಾದವೂ ಇದೆ. ‘ಒಂದು ಹುಲ್ಲಿನ ಕ್ರಾಂತಿ’ಯ ಮಸನೊಬು ಫುಕುವೊಕಾ ಅವರನ್ನು ಇದಕ್ಕೆ ಸಾಕ್ಷಿ ಕರೆಯುವವರು ಒಂದನ್ನು ಮರೆಯುತ್ತಾರೆ: ಅವರು ಉಳುಮೆ, ಕಳೆನಾಶಕ ಬಿಟ್ಟರು, ಕಳೆ ಹತೋಟಿಯನ್ನು ಬಿಡಲಿಲ್ಲ. ನೆಲಕ್ಕೆ ಹುಲ್ಲು ಹೊದಿಸಿದರು, ಬಿಳಿ ಕ್ಲೋವರ್ ಬೆಳೆಸಿದರು, ಗದ್ದೆಗೆ ಕೆಲಕಾಲ ನೀರು ಕಟ್ಟಿದರು. ಬೆಳಕನ್ನೂ ಹೊತ್ತನ್ನೂ ಕಳೆಗೆ ಕೊಡದಿರುವ ಸೂತ್ರವೇ ಅದು. ಇನ್ನು ನಮ್ಮಲ್ಲೇ ಕಳೆಯ ಬಗ್ಗೆ ಜಾಣ ನಿಲುವೊಂದಿದೆ. ಹಳೇ ಮೈಸೂರಿನ ಅಡುಗೆಮನೆಯಲ್ಲಿ ಅಣ್ಣೆ, ಗೋಣಿ, ಹೊನಗೊನೆ, ಗಣಿಕೆ ಎಲ್ಲ ಸೇರಿದ ಬೆರಕೆ ಸೊಪ್ಪು ಮಸ್ಸೊಪ್ಪಾಗುತ್ತದೆ, ಬಸ್ಸಾರಾಗುತ್ತದೆ. ಇವೆಲ್ಲ ಪಾತಿಯಲ್ಲಿ ಕರೆಯದೆ ಬಂದ ಗಿಡಗಳೇ. ಎಳೆಯದಿರುವಾಗ ಕಿತ್ತು ಸಾರಿಗೆ ಹಾಕಿದರೆ ಬೆಳೆಯ ಬುಡವೂ ಚೊಕ್ಕಟ, ಊಟವೂ ಆಯಿತು. ಕಳೆನಾಶಕ ಹೊಡೆದ ಹಿತ್ತಲಿನ ಸೊಪ್ಪನ್ನು ಯಾರೂ ಒಲೆಯ ಮೇಲೆ ಇಡಲಾರರು.

ಆದ್ದರಿಂದ ಈ ಮಳೆಗಾಲಕ್ಕೆ ಗೊಬ್ಬರದ ಅಂಗಡಿಯಿಂದ ಬಾಟಲಿ ತರುವ ಬದಲು ಬೀದಿಯ ಒಣ ಎಲೆಯ ನಾಲ್ಕು ಚೀಲ ಮತ್ತು ಹರಿತವಾದ ಒಂದು ಕುರ್ಪಿ ತನ್ನಿ. ಒಂದಡಿ ಜಾಗವನ್ನೂ ಬರಿದಾಗಿ ಬಿಡಬೇಡಿ, ಒಂದು ಕಳೆಯನ್ನೂ ಹೂ ಬಿಡಲು ಬಿಡಬೇಡಿ. ಮೊದಲ ವರ್ಷ ಕೆಲಸ ಹೆಚ್ಚೇ ಇರುತ್ತದೆ. ಹೊಸ ಬೀಜ ಬೀಳದ ನೆಲದಲ್ಲಿ ಹಳೆಯ ಬೀಜ ವರ್ಷದಿಂದ ವರ್ಷಕ್ಕೆ ಕರಗುವುದರಿಂದ ಮೂರನೆಯ ವರ್ಷದ ಹೊತ್ತಿಗೆ ಆ ಕೆಲಸ ಅರ್ಧಕ್ಕೂ ಕಡಿಮೆಯಾಗಬೇಕು. ಹಾಗೆ ಆಗದಿದ್ದರೆ ತೋಟದ ಯಾವುದೋ ಮೂಲೆಯಲ್ಲಿ ಕಳೆಯೊಂದು ಬೀಜ ಉದುರಿಸುತ್ತಿದೆ ಎಂದೇ ಅರ್ಥ. ಮೊದಲು ಅದನ್ನು ಹುಡುಕಿ.